ಪೋವಿಸ್ ಕೋಟೆಯಲ್ಲಿ ಒಂದು ಮಧ್ಯಾಹ್ನ: ಶ್ರೀರಂಗಪಟ್ಟಣದ ವಸ್ತುಗಳನ್ನೂ ವೇಲ್ಸಿನ ತೋಟವನ್ನೂ ಒಟ್ಟಿಗೆ ನೋಡುವ ಬಗೆ

ವೇಲ್ಸಿನ ಪೂರ್ವದ ಅಂಚಿನಲ್ಲಿ, ಇಂಗ್ಲೆಂಡಿನ ಗಡಿಯಿಂದ ಕೆಲವೇ ಮೈಲಿಗಳ ದೂರದಲ್ಲಿ, ವೆಲ್ಶ್‌ಪೂಲ್ ಎಂಬ ಸಣ್ಣ ಪೇಟೆಯಿದೆ. ಆ ಪೇಟೆಯ ಹೊರಗಿನ ದಿಣ್ಣೆಯ ಮೇಲೆ ಕೆಂಪು ಕಲ್ಲಿನಲ್ಲಿ ಕಟ್ಟಿದ ಪೋವಿಸ್ ಕೋಟೆ ನಿಂತಿದೆ. ವೆಲ್ಶ್ ಭಾಷೆಯಲ್ಲಿ ಇದಕ್ಕೆ ಕೆಂಪು ಕೋಟೆ ಎಂಬ ಅರ್ಥದ ಹೆಸರೂ ಇದೆ. ಕೋಟೆಯ ಬುಡದಿಂದ ಕಣಿವೆಯ ಕಡೆಗೆ ಬಂಡೆಯನ್ನು ಕಡಿದು ಹಂತಹಂತವಾಗಿ ಇಳಿಸಿದ ತೋಟ ಬ್ರಿಟನ್ನಿನ ಅತ್ಯಂತ ಹೆಸರುವಾಸಿ ತೋಟಗಳಲ್ಲಿ ಒಂದು. ಕೋಟೆಯ ಒಳಗಿನ ಒಂದು ಸಂಗ್ರಹಾಲಯದಲ್ಲಿ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಂದ ಸಾಗಿಬಂದ ಟಿಪ್ಪು ಸುಲ್ತಾನನ ವಸ್ತುಗಳಿವೆ.

ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಈ ಎರಡರಲ್ಲಿ ಒಂದನ್ನಷ್ಟೇ ನೋಡಿ ಹೋಗುವುದನ್ನು ನಾನು ಕಂಡಿದ್ದೇನೆ. ತೋಟಕ್ಕೆಂದು ಬಂದವರು ಸಂಗ್ರಹಾಲಯದಲ್ಲಿ ಹತ್ತು ನಿಮಿಷ ಸುಳಿದು ಹೊರಬರುತ್ತಾರೆ. ಟಿಪ್ಪುವಿನ ವಸ್ತುಗಳಿಗೆಂದು ದೂರದಿಂದ ಬಂದ ನಮ್ಮವರು ಗಾಜಿನ ಪೆಟ್ಟಿಗೆಗಳ ಮುಂದೆ ಸಮಯವನ್ನೆಲ್ಲ ಕಳೆದು, ತೋಟದಲ್ಲಿ ಎರಡು ಛಾಯಾಚಿತ್ರ ತೆಗೆದುಕೊಂಡು ರೈಲಿಗೆ ಓಡುತ್ತಾರೆ. ಒಂದೇ ಮನೆತನದ ಕಥೆ ಹೀಗೆ ಎರಡು ತುಂಡಾಗಿ ಉಳಿದುಬಿಡುತ್ತದೆ. ಸ್ವಲ್ಪ ಮುಂಚಿತವಾಗಿ ಯೋಚಿಸಿಕೊಂಡರೆ ನಾಲ್ಕೂವರೆ ಗಂಟೆಗಳಲ್ಲಿ ಎರಡನ್ನೂ ಸಮಾಧಾನವಾಗಿ ನೋಡಬಹುದು. ಅದಕ್ಕೆ ಬೇಕಾದ ಸಿದ್ಧತೆ ಮತ್ತು ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ದಿನವನ್ನು ಆರಿಸಿಕೊಳ್ಳಿ

ತೋಟಕ್ಕೆ ಋತುವೇ ಮುಖ್ಯ. ಏಪ್ರಿಲ್ ತಿಂಗಳಲ್ಲಿ ಹುಲ್ಲಿನ ನಡುವೆ ಡ್ಯಾಫೊಡಿಲ್ ಹೂಗಳು ಇರುತ್ತವೆ. ಮೇ ಮತ್ತು ಜೂನ್ ಆರಂಭದಲ್ಲಿ ಎದುರಿನ ಗುಡ್ಡದ ರೋಡೋಡೆಂಡ್ರಾನ್‌ಗಳೂ ಗೋಡೆಗಳಿಂದ ಇಳಿಬೀಳುವ ವಿಸ್ಟೀರಿಯ ಬಳ್ಳಿಯೂ ಅರಳುತ್ತವೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಹೂಪಾತಿಗಳು ತುಂಬಿಕೊಂಡಿರುತ್ತವೆ, ಅಕ್ಟೋಬರ್‌ನಲ್ಲಿ ಮೇಪಲ್ ಮರಗಳು ಕೆಂಪಾಗುತ್ತವೆ. ಒಮ್ಮೆ ಮಾತ್ರ ಹೋಗಲು ಸಾಧ್ಯವಿರುವವರಿಗೆ ನಾನು ಸೆಪ್ಟೆಂಬರ್ ಮೊದಲ ಎರಡು ವಾರಗಳನ್ನು ಸೂಚಿಸುತ್ತೇನೆ. ಶಾಲೆಗಳ ಬೇಸಿಗೆ ರಜೆ ಮುಗಿದಿರುವುದರಿಂದ ಜನಸಂದಣಿ ಕಡಿಮೆಯಿರುತ್ತದೆ, ಹೂಪಾತಿಗಳು ಇನ್ನೂ ಬಾಡಿರುವುದಿಲ್ಲ, ಸಂಜೆ ಏಳರ ಆಚೆಗೂ ಬೆಳಕಿರುತ್ತದೆ. ಡಿಸೆಂಬರ್ ತಿಂಗಳಲ್ಲಿ ಇಲ್ಲಿ ನಾಲ್ಕು ಗಂಟೆಗೆಲ್ಲ ಸೂರ್ಯ ಮುಳುಗುವುದರಿಂದ ಮಧ್ಯಾಹ್ನದ ಭೇಟಿಗೆ ಆ ಕಾಲ ಹೊಂದುವುದಿಲ್ಲ.

ಕೋಟೆಯನ್ನೂ ತೋಟವನ್ನೂ ನೋಡಿಕೊಳ್ಳುವುದು ನ್ಯಾಷನಲ್ ಟ್ರಸ್ಟ್. ಐತಿಹಾಸಿಕ ಮನೆಗಳನ್ನೂ ನಿಸರ್ಗತಾಣಗಳನ್ನೂ ಸಾರ್ವಜನಿಕರಿಗಾಗಿ ಕಾಪಾಡಲು 1895ರಲ್ಲಿ ಹುಟ್ಟಿದ ಈ ಸಂಸ್ಥೆಗೆ, ಕೋಟೆಯ ಒಡೆಯನಾಗಿದ್ದ ನಾಲ್ಕನೆಯ ಅರ್ಲ್ ಆಫ್ ಪೋವಿಸ್ ತೀರಿಕೊಂಡ 1952ರಲ್ಲಿ ಈ ಆಸ್ತಿ ಸೇರಿತು. ತೋಟ ತೆರೆದಿರುವ ಸಮಯವೂ ಕೋಟೆಯ ಒಳಗೆ ಬಿಡುವ ಸಮಯವೂ ಒಂದೇ ಅಲ್ಲ. ಕೋಟೆಯನ್ನು ಸಾಮಾನ್ಯವಾಗಿ ತಡವಾಗಿ ತೆರೆದು ಬೇಗ ಮುಚ್ಚುತ್ತಾರೆ, ಚಳಿಗಾಲದಲ್ಲಿ ಕೆಲವು ಕೋಣೆಗಳಷ್ಟೇ ತೆರೆದಿರುವುದೂ ಉಂಟು. ಆದ್ದರಿಂದ ಹೋಗುವ ವಾರದಲ್ಲಿ ಸಂಸ್ಥೆಯ ಜಾಲತಾಣದಲ್ಲಿ ಎರಡೂ ಸಮಯಗಳನ್ನು ಬೇರೆಬೇರೆಯಾಗಿ ನೋಡಿಕೊಳ್ಳಿ. ಬ್ರಿಟನ್ನಿನಲ್ಲಿ ವಾಸವಾಗಿದ್ದು ವರ್ಷಕ್ಕೆ ಇಂಥ ಮೂರು ನಾಲ್ಕು ಸ್ಥಳಗಳಿಗೆ ಹೋಗುವ ಕುಟುಂಬಕ್ಕೆ ಬಿಡಿ ಟಿಕೆಟ್ಟಿಗಿಂತ ವಾರ್ಷಿಕ ಸದಸ್ಯತ್ವವೇ ಅನುಕೂಲ.

ಇನ್ನೊಂದು ವಿಷಯವನ್ನು ಮುಂಚೆಯೇ ವಿಚಾರಿಸಲೇಬೇಕು. ಟಿಪ್ಪುವಿನ ಡೇರೆಯಂಥ ಬಟ್ಟೆಯ ವಸ್ತುಗಳು ಬೆಳಕಿಗೆ ಬೇಗ ಬಣ್ಣಗೆಡುತ್ತವೆ. ಅವನ್ನು ವಿಶ್ರಾಂತಿಗೆಂದು ಒಳಗಿಡುವುದು ಅಥವಾ ಬೇರೆ ಸಂಗ್ರಹಾಲಯಗಳ ಪ್ರದರ್ಶನಕ್ಕೆ ಎರವಲು ಕೊಡುವುದು ಎಲ್ಲ ಕಡೆಯೂ ಇರುವ ಪದ್ಧತಿ. ನೀವು ನೋಡಬೇಕೆಂದಿರುವ ವಸ್ತು ಆ ದಿನ ಪ್ರದರ್ಶನದಲ್ಲಿದೆಯೇ ಎಂದು ಒಂದು ಇಮೇಲ್ ಬರೆದು ಕೇಳಿ. ಮುನ್ನೂರು ಮೈಲಿ ಪ್ರಯಾಣ ಮಾಡಿ ಖಾಲಿ ಪೆಟ್ಟಿಗೆಯ ಮುಂದೆ ನಿಲ್ಲುವ ಬೇಸರ ಇದರಿಂದ ತಪ್ಪುತ್ತದೆ.

ಹಿಂದಿನ ರಾತ್ರಿ ತಿಳಿದುಕೊಳ್ಳಬೇಕಾದ ಇತಿಹಾಸ

ಯಾರು ಯಾರಿಗೆ ಏನಾಗಬೇಕು ಎಂಬುದು ಗೊತ್ತಿಲ್ಲದೆ ಒಳಗೆ ಹೋದರೆ ಗೋಡೆಯ ತುಂಬ ಇರುವ ಭಾವಚಿತ್ರಗಳೆಲ್ಲ ಒಂದೇ ರೀತಿ ಕಾಣುತ್ತವೆ. ಆದ್ದರಿಂದ ಈ ಭಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೋಟೆಯ ಮೂಲ 13ನೇ ಶತಮಾನದ್ದು. ಅದನ್ನು ಕಟ್ಟಿಸಿದವನು ವೆಲ್ಶ್ ರಾಜವಂಶದ ಗ್ರಿಫಿದ್ ಅಪ್ ಗ್ವೆನ್ವಿನ್ವಿನ್. 1587ರಲ್ಲಿ ಸರ್ ಎಡ್ವರ್ಡ್ ಹರ್ಬರ್ಟ್ ಅದನ್ನು ಕೊಂಡುಕೊಂಡ. ಅಲ್ಲಿಂದ ಮುಂದೆ ಹರ್ಬರ್ಟ್ ಮನೆತನ ಯುದ್ಧದ ಕೋಟೆಯನ್ನು ವಾಸದ ಅರಮನೆಯಾಗಿ ಬದಲಿಸುತ್ತ ಬಂದಿತು. 17ನೇ ಶತಮಾನದ ಕೊನೆಯಲ್ಲಿ ವಿಲಿಯಂ ವಿಂಡ್ ಎಂಬ ವಾಸ್ತುಶಿಲ್ಪಿಯ ಕೈಯಲ್ಲಿ ತೋಟದ ಹಂತಗಳ ಕೆಲಸ ನಡೆಯುತ್ತಿದ್ದಾಗ, ಕ್ಯಾಥೊಲಿಕನಾಗಿದ್ದ ಮನೆಯ ಯಜಮಾನ 1688ರಲ್ಲಿ ಪದಚ್ಯುತನಾದ ದೊರೆ ಎರಡನೆಯ ಜೇಮ್ಸನ ಹಿಂದೆಯೇ ದೇಶ ಬಿಟ್ಟ. 1722ರ ತನಕ ಆಸ್ತಿ ಮನೆತನಕ್ಕೆ ಹಿಂದಿರುಗಲಿಲ್ಲ.

ನಮ್ಮ ನಾಡಿನ ಸಂಬಂಧ ಬರುವುದು ಮದುವೆಯೊಂದರಿಂದ. 1757ರ ಪ್ಲಾಸಿ ಕಾಳಗದ ರಾಬರ್ಟ್ ಕ್ಲೈವ್ ಬಂಗಾಳದಿಂದ ಅಪಾರ ಸಂಪತ್ತನ್ನು ತಂದು 1774ರಲ್ಲಿ ಸತ್ತ. ಪೋವಿಸ್ ಅವನ ಮನೆಯಾಗಿತ್ತೆಂದು ಅನೇಕರು ತಿಳಿದಿದ್ದಾರೆ, ಆದರೆ ಅದು ಹಾಗಲ್ಲ. ಅವನ ಮಗ ಎಡ್ವರ್ಡ್ ಕ್ಲೈವ್ 1784ರಲ್ಲಿ ಹರ್ಬರ್ಟ್ ಮನೆತನದ ಹೆನ್ರಿಯೆಟ್ಟಾಳನ್ನು ಮದುವೆಯಾದ. ಆಗ ಹರ್ಬರ್ಟರಲ್ಲಿ ಹಳೆಯ ಹೆಸರಿತ್ತು, ಕೈಯಲ್ಲಿ ಹಣವಿರಲಿಲ್ಲ, ಕೋಟೆ ಪಾಳು ಬೀಳುವ ಸ್ಥಿತಿಯಲ್ಲಿತ್ತು. ಕ್ಲೈವರ ಹಣದಿಂದ ಅದರ ದುರಸ್ತಿಯಾಯಿತು. ಹೆನ್ರಿಯೆಟ್ಟಾಳ ಅಣ್ಣ ಮದುವೆಯಿಲ್ಲದೆ 1801ರಲ್ಲಿ ತೀರಿಕೊಂಡ ಬಳಿಕ, 1804ರಲ್ಲಿ ಎಡ್ವರ್ಡ್ ಕ್ಲೈವನಿಗೇ ಅರ್ಲ್ ಆಫ್ ಪೋವಿಸ್ ಪದವಿ ಬಂತು. ಅವನ ಮಗ ತಾಯಿಯ ಕಡೆಯ ಆಸ್ತಿಗಾಗಿ ಕ್ಲೈವ್ ಎಂಬ ಹೆಸರನ್ನೇ ಬಿಟ್ಟು ಹರ್ಬರ್ಟ್ ಆದ.

ಈ ಎಡ್ವರ್ಡ್ ಕ್ಲೈವ್ 1798ರಿಂದ 1803ರವರೆಗೆ ಮದರಾಸಿನ ಗವರ್ನರ್. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಟಿಪ್ಪು ಮಡಿದಾಗ ಅಧಿಕಾರದಲ್ಲಿದ್ದವನು ಇವನೇ. ಮರುವರ್ಷ, 1800ರ ಮಾರ್ಚ್‌ನಲ್ಲಿ, ಹೆನ್ರಿಯೆಟ್ಟಾ ಗಂಡನನ್ನು ಮದರಾಸಿನಲ್ಲಿ ಬಿಟ್ಟು, ಇಬ್ಬರು ಹೆಣ್ಣುಮಕ್ಕಳನ್ನೂ ಅವರ ಶಿಕ್ಷಕಿಯಾಗಿದ್ದ ಇಟಲಿಯ ಕಲಾವಿದೆ ಅನ್ನಾ ಟೊನೆಲ್ಲಿಯನ್ನೂ ಕರೆದುಕೊಂಡು ಬೆಂಗಳೂರು, ಶ್ರೀರಂಗಪಟ್ಟಣ, ಕೊಯಮತ್ತೂರು, ತಿರುಚಿರಾಪಳ್ಳಿ, ತಂಜಾವೂರುಗಳ ಮಾರ್ಗವಾಗಿ ಏಳು ತಿಂಗಳು, 1,000 ಮೈಲಿಗೂ ಹೆಚ್ಚು ಸುತ್ತಿದಳು. ದಾರಿಯುದ್ದಕ್ಕೂ ಗಿಡಗಳನ್ನೂ ಖನಿಜಗಳನ್ನೂ ಕಲೆಹಾಕಿದಳು. ಹನ್ನೆರಡು ವರ್ಷದ ಕಿರಿಯ ಮಗಳು ಷಾರ್ಲೆಟ್ ದಿನಚರಿ ಬರೆದಳು. ಪೋವಿಸ್‌ನ ಸಂಗ್ರಹವನ್ನು ಸೈನಿಕರ ಕೊಳ್ಳೆ ಎಂದಷ್ಟೇ ನೋಡದೆ, ಕೊಳ್ಳೆಯಾದ ಊರಿನಲ್ಲಿ ಮರುವರ್ಷವೇ ತಿರುಗಾಡಿದ ಈ ತಾಯಿಮಕ್ಕಳ ಪ್ರಯಾಣದ ಜೊತೆಗಿಟ್ಟು ನೋಡಿದರೆ ಅದು ಇನ್ನಷ್ಟು ಸ್ಪಷ್ಟವಾಗುತ್ತದೆ, ಇನ್ನಷ್ಟು ನೋಯಿಸುತ್ತದೆ ಕೂಡ.

ಒಂದು ತಪ್ಪು ಕಲ್ಪನೆಯನ್ನೂ ಇಲ್ಲಿಯೇ ತೆಗೆದುಬಿಡಬೇಕು. ತೋಟವನ್ನು ಮೈಸೂರಿನ ಹಣದಲ್ಲಿ ಕಟ್ಟಿದ್ದು ಎಂದು ಕೆಲವರು ಹೇಳುತ್ತಾರೆ. ಅದು ನಿಜವಲ್ಲ. ಶ್ರೀರಂಗಪಟ್ಟಣ ಬೀಳುವುದಕ್ಕೆ ಸುಮಾರು ನೂರು ವರ್ಷ ಮೊದಲೇ ಈ ಹಂತಗಳು ಇದ್ದವು. ಭಾರತದಿಂದ ಬಂದ ಹಣ ಆ ತೋಟದ ಮೇಲಿರುವ ಮನೆಯನ್ನು ಬೀಳದಂತೆ ಉಳಿಸಿತು.

ತಲುಪುವುದು

ಬರ್ಮಿಂಗ್‌ಹ್ಯಾಮಿನಿಂದ ಶ್ರೂಸ್‌ಬರಿ ಮಾರ್ಗವಾಗಿ ಅಬರಿಸ್ಟ್‌ವಿತ್‌ಗೆ ಹೋಗುವ ರೈಲು ವೆಲ್ಶ್‌ಪೂಲಿನಲ್ಲಿ ನಿಲ್ಲುತ್ತದೆ. ಪ್ರಯಾಣ ಸುಮಾರು ಒಂದೂವರೆ ಗಂಟೆ. ಈ ಮಾರ್ಗದಲ್ಲಿ ರೈಲುಗಳು ಹೆಚ್ಚುಕಡಿಮೆ ಎರಡು ಗಂಟೆಗೊಂದರಂತೆ ಮಾತ್ರ ಇರುವುದರಿಂದ, ಹಿಂದಿರುಗುವ ರೈಲಿನ ಸಮಯವನ್ನು ಮೊದಲು ಗುರುತುಮಾಡಿಕೊಂಡು ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ. ಲಂಡನ್ನಿನಿಂದ ಒಂದೇ ದಿನದಲ್ಲಿ ಹೋಗಿ ಬರುವುದು ಸಾಧ್ಯವಾದರೂ ದಣಿವಾಗುತ್ತದೆ, ಹಿಂದಿನ ರಾತ್ರಿ ಶ್ರೂಸ್‌ಬರಿಯಲ್ಲಿ ತಂಗುವುದು ಒಳ್ಳೆಯದು. ನಿಲ್ದಾಣದಿಂದ ಪೇಟೆಯ ಮುಖ್ಯಬೀದಿಯ ಮೂಲಕ ಹಾದು, ಎಸ್ಟೇಟಿನ ಉದ್ಯಾನದೊಳಗೆ ಏರುವ ಕಾಲುದಾರಿ ಒಂದು ಮೈಲಿಗಿಂತ ಸ್ವಲ್ಪ ಹೆಚ್ಚಿದೆ. ಹಳೆಯ ಓಕ್ ಮರಗಳ ನಡುವೆ ಸಾಗುವ ಈ ದಾರಿಯನ್ನು ಅರ್ಧ ಗಂಟೆ ಇಟ್ಟುಕೊಂಡು ನಡೆಯಿರಿ. ಕಾರಿನಲ್ಲಿ ಬರುವವರು ಪೇಟೆಯ ದಕ್ಷಿಣಕ್ಕೆ ಎ483 ರಸ್ತೆಯಿಂದ ತಿರುಗಬೇಕು.

ಹಿಡಿತವಿರುವ ಬೂಟು, ಮಳೆಯ ಕೋಟು, ಒಂದು ಸಣ್ಣ ನೋಟುಪುಸ್ತಕ ಇಷ್ಟು ಸಾಕು. ಮಳೆ ಬಂದಾಗ ಕಲ್ಲಿನ ಮೆಟ್ಟಿಲುಗಳು ಜಾರುತ್ತವೆ. ಸೀರೆ ಉಟ್ಟು ಬರುವ ಹಿರಿಯರಿಗೆ ನೆರಿಗೆಯನ್ನು ಸ್ವಲ್ಪ ಮೇಲಕ್ಕೆ ಕಟ್ಟಿಕೊಳ್ಳುವಂತೆ ಮುಂಚೆಯೇ ತಿಳಿಸಿ. ಊರಿನಿಂದ ಬಂದಿದ್ದ ನಮ್ಮ ದೊಡ್ಡಮ್ಮನನ್ನು ಮೊದಲ ಸಲ ಕರೆದುಕೊಂಡು ಹೋದಾಗ ನಾನು ಇದನ್ನು ಹೇಳದೆ ಇದ್ದುದರಿಂದ ಅವರು ಅರ್ಧ ತೋಟವನ್ನು ಮೇಲಿನಿಂದಲೇ ನೋಡಬೇಕಾಯಿತು. ಮಂಡಿನೋವಿರುವವರು ಮತ್ತು ಗಾಲಿಕುರ್ಚಿ ಬಳಸುವವರು ಮೆಟ್ಟಿಲಿಲ್ಲದ ದಾರಿ ಯಾವುದೆಂದು ಟಿಕೆಟ್ ಕೊಡುವಲ್ಲಿಯೇ ಕೇಳಿ ತಿಳಿದುಕೊಳ್ಳಬೇಕು, ಏಕೆಂದರೆ ಈ ತೋಟ ನಿಜವಾಗಿಯೂ ಕಡಿದಾಗಿದೆ.

ಹನ್ನೊಂದೂವರೆಯ ಹೊತ್ತಿಗೆ ಅಂಗಳದಲ್ಲಿದ್ದು, ಬೇಗನೆ ಊಟ ಮುಗಿಸಿಕೊಳ್ಳಿ. ಹನ್ನೆರಡಕ್ಕೆ ನೋಟ ಆರಂಭವಾಗಬೇಕು.

ಹನ್ನೆರಡರಿಂದ ಒಂದೂವರೆ: ಕೋಟೆಯ ಒಳಗೆ

ಬಿಸಿಲಿರುವಾಗ ತೋಟವನ್ನು ಬಿಟ್ಟು ಒಳಗೆ ಹೋಗಲು ಮನಸ್ಸು ಬರುವುದಿಲ್ಲ. ಆದರೂ ಕೋಟೆಯನ್ನೇ ಮೊದಲು ನೋಡಬೇಕು, ಏಕೆಂದರೆ ಬೇಗ ಮುಚ್ಚುವುದು ಅದೇ.

ಒಳಗಿನ ಕೋಣೆಗಳಲ್ಲಿ ಮೂರು ಕಡೆ ನಿಧಾನಿಸಿ. ಮೊದಲನೆಯದು ಮಹಾಸೋಪಾನ. ಅದರ ಚಾವಣಿಯ ಚಿತ್ರ ಇಟಲಿಯ ಅಂಟೋನಿಯೊ ವೆರ್ರಿಯೊನದು, ಗೋಡೆಗಳ ಚಿತ್ರಗಳು ಲ್ಯಾನ್ಸ್ಕ್ರೂನ್ ಎಂಬ ಫ್ಲೆಮಿಷ್ ಕಲಾವಿದನವು. ಎರಡನೆಯದು ರಾಜಶಯನಗೃಹ. ಮಂಚವಿರುವ ಭಾಗವನ್ನು ಕೋಣೆಯ ಉಳಿದ ಭಾಗದಿಂದ ಒಂದು ಕಟಾಂಜನ ಬೇರ್ಪಡಿಸುತ್ತದೆ. ದೊರೆಯ ಮಂಚದ ಸಮೀಪ ಯಾರು ಬರಬಹುದು, ಯಾರು ಹೊರಗೆ ನಿಲ್ಲಬೇಕು ಎಂಬ ಫ್ರೆಂಚ್ ಆಸ್ಥಾನದ ಕಟ್ಟಳೆಯನ್ನು ಕಣ್ಣಿಗೆ ಕಾಣಿಸುವ ಇಂಥ ಏರ್ಪಾಡು ಬ್ರಿಟನ್ನಿನಲ್ಲಿ ಬೇರೆಡೆ ಉಳಿದಿಲ್ಲ. ದೇವರ ಗರ್ಭಗುಡಿಯ ಮುಂದಿನ ಅಡ್ಡಪಟ್ಟಿಯನ್ನು ನೋಡಿದವರಿಗೆ ಇದರ ಅರ್ಥವನ್ನು ಬೇರೆ ವಿವರಿಸಬೇಕಾಗಿಲ್ಲ. ಮೂರನೆಯದು ಉದ್ದ ಮೊಗಸಾಲೆ. ಅದರ ಗಾರೆಯ ಕುಸುರಿ 1590ರ ದಶಕದ್ದು. ದಾರಿಯಲ್ಲಿ ಜೋಶುವಾ ರೆನಾಲ್ಡ್ಸ್ ಬರೆದ ಹೆನ್ರಿಯೆಟ್ಟಾಳ ಭಾವಚಿತ್ರವನ್ನು ಹುಡುಕಿ ನೋಡಿ, ಮುಂದೆ ಸಂಗ್ರಹಾಲಯದಲ್ಲಿ ಅವಳ ಹೆಸರು ಮತ್ತೆ ಬರುತ್ತದೆ. ಈ ಕೋಣೆಗಳಿಗೆಲ್ಲ ಸೇರಿ ನಲವತ್ತು ನಿಮಿಷ ಸಾಕು.

ಉಳಿದ ಐವತ್ತು ನಿಮಿಷ ಕ್ಲೈವ್ ಸಂಗ್ರಹಾಲಯಕ್ಕೆ. 1987ರಲ್ಲಿ ತೆರೆದ ಈ ಕೋಣೆಯಲ್ಲಿ ಆಯುಧ, ದಂತ, ಬೆಳ್ಳಿ, ಬಟ್ಟೆ, ಹುಕ್ಕಾ, ದೇವರ ವಿಗ್ರಹಗಳು ಹೀಗೆ ನೂರಾರು ವಸ್ತುಗಳನ್ನು ಒತ್ತೊತ್ತಾಗಿ ಜೋಡಿಸಿದ್ದಾರೆ. ಎಲ್ಲವನ್ನೂ ನೋಡಲು ಹೋದರೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ಮೊದಲು ಸುಮ್ಮನೆ ಒಂದು ಸುತ್ತು ಹಾಕಿ, ಆಮೇಲೆ ಕೆಲವೇ ವಸ್ತುಗಳ ಮುಂದೆ ನಿಲ್ಲಿ.

ಸಿಂಹಾಸನದ ಹುಲಿತಲೆಯಿಂದ ಆರಂಭಿಸಬಹುದು. ಟಿಪ್ಪುವಿನ ಸಿಂಹಾಸನವನ್ನು ಕೊಳ್ಳೆಯ ಪಾಲು ಹಂಚಲು ನೇಮಕಗೊಂಡಿದ್ದ ಅಧಿಕಾರಿಗಳು ಒಡೆದು ತುಂಡುಮಾಡಿದರು. ಅದರ ಕಟಾಂಜನದ ತುದಿಗಳಲ್ಲಿದ್ದ ಚಿಕ್ಕ ಹುಲಿತಲೆಗಳಲ್ಲಿ ಒಂದು ಹೆನ್ರಿಯೆಟ್ಟಾಳ ಕೈಸೇರಿ ಇಲ್ಲಿಗೆ ಬಂತು. ಚಿನ್ನದ ತಗಡಿನ ಮೇಲೆ ಮಾಣಿಕ್ಯ, ವಜ್ರ, ಪಚ್ಚೆಗಳನ್ನು ಕೂರಿಸಿದ ಈ ತಲೆ ಅಂಗೈಯಲ್ಲಿ ಹಿಡಿಯುವಷ್ಟೇ ಇದೆ. ಕಣ್ಣು ಮತ್ತು ಹಲ್ಲುಗಳ ಕೆಲಸವನ್ನು ಬದಿಯಿಂದ ನೋಡಿ. ಅದೇ ಸಿಂಹಾಸನದ ದೊಡ್ಡ ಹುಲಿತಲೆಯೂ ಹುಮಾ ಎಂಬ ಕಾಲ್ಪನಿಕ ಹಕ್ಕಿಯ ಪ್ರತಿಮೆಯೂ ವಿಂಡ್ಸರ್ ಅರಮನೆಯ ರಾಜಸಂಗ್ರಹದಲ್ಲಿವೆ. ಸಿಂಹಾಸನ ಇಡಿಯಾಗಿ ಹೇಗಿದ್ದಿರಬಹುದು ಎಂಬುದಕ್ಕೆ ಅನ್ನಾ ಟೊನೆಲ್ಲಿ 1800ರಲ್ಲಿ ಬರೆದ ಜಲವರ್ಣ ಚಿತ್ರವೊಂದು ಈ ಮನೆಯ ಸಂಗ್ರಹದಲ್ಲಿದೆ. ಅದರಲ್ಲಿ ಟಿಪ್ಪು ಸಿಂಹಾಸನಾರೂಢನಾಗಿದ್ದಾನೆ. ಆದರೆ ಅವಳು ಆ ಚಿತ್ರ ಬರೆಯುವ ಹೊತ್ತಿಗೆ ಟಿಪ್ಪು ತೀರಿಕೊಂಡಿದ್ದ, ಸಿಂಹಾಸನವೂ ಒಡೆದಿತ್ತು ಎಂಬುದನ್ನು ಮರೆಯದೆ ಅದನ್ನು ನೋಡಬೇಕು.

ನಂತರ ಡೇರೆ. 18ನೇ ಶತಮಾನದ ಮೊದಲ ಅರ್ಧದಲ್ಲಿ ತಯಾರಾದ ಹತ್ತಿಬಟ್ಟೆಯ ಮೇಲೆ, ಬಿಳಿಯ ಹಿನ್ನೆಲೆಯಲ್ಲಿ, ಕಮಾನು ಕಮಾನಾಗಿ ಬರೆದ ಗೂಡುಗಳು. ಪ್ರತಿ ಗೂಡಿನಲ್ಲೂ ಒಂದು ಹೂಜಿ, ಅದರಿಂದ ಎರಡು ಬದಿಗೂ ಸಮನಾಗಿ ಬಾಗಿದ ಹೂಗಳು. ಡೇರೆಯ ಒಳಗೆ ಕುಳಿತವನಿಗೆ ಸುತ್ತಲೂ ತೋಟವಿದ್ದಂತೆ ತೋರಬೇಕೆಂಬುದೇ ಈ ಚಿತ್ತಾರದ ಉದ್ದೇಶ. ದಂಡಿನ ಜೊತೆ ಊರೂರು ಅಲೆಯುವ ಅರಸನಿಗೆ ಇದು ಮಡಿಚಿ ಒಯ್ಯಬಹುದಾದ ಉದ್ಯಾನ. ಇದೇ ಬಟ್ಟೆಯನ್ನು ಮುಂದೆ ಪೋವಿಸ್‌ನ ಮನೆಯವರು ತೋಟದ ಸಂತೋಷಕೂಟಗಳಿಗೆ ಚಪ್ಪರವಾಗಿ ಬಳಸಿದರು. ಹೊರಗಿನ ಹುಲ್ಲುಹಾಸಿನ ಮೇಲೆ ಮೈಸೂರಿನ ಅರಸನ ಡೇರೆ ಎದ್ದು ನಿಂತಿದ್ದ ಆ ದೃಶ್ಯವನ್ನು ಮನಸ್ಸಿನಲ್ಲಿಟ್ಟುಕೊಂಡೇ ನೀವು ತೋಟಕ್ಕೆ ಇಳಿಯಬೇಕೆಂಬುದು ನನ್ನ ಬಯಕೆ. ಕೋಟೆಯನ್ನು ಮೊದಲು ನೋಡಿ ಎನ್ನುವುದಕ್ಕೆ ಸಮಯದ ಲೆಕ್ಕಕ್ಕಿಂತ ದೊಡ್ಡ ಕಾರಣ ಇದೇ.

ಸಿರಾಜುದ್ದೌಲನು ಪ್ಲಾಸಿಯಲ್ಲಿ ಬಿಟ್ಟು ಓಡಿದ್ದೆಂದು ಹೇಳಲಾಗುವ ಪಲ್ಲಕ್ಕಿಯನ್ನೂ ಸಮಯವಿದ್ದರೆ ನೋಡಿ. ಛಾಯಾಚಿತ್ರ ತೆಗೆಯುವ ಮೊದಲು ಕೋಣೆಯಲ್ಲಿರುವ ಸ್ವಯಂಸೇವಕರನ್ನು ಕೇಳಿ, ಫ್ಲ್ಯಾಶ್ ಮಾತ್ರ ಬಳಸಲೇಬೇಡಿ. ಈ ಸ್ವಯಂಸೇವಕರಲ್ಲಿ ಹೆಚ್ಚಿನವರು ಸುತ್ತಮುತ್ತಲಿನ ನಿವೃತ್ತರು, ಪ್ರಶ್ನೆ ಕೇಳಿದರೆ ಸಂತೋಷದಿಂದ ಮಾತನಾಡುತ್ತಾರೆ. ಶ್ರೀರಂಗಪಟ್ಟಣವನ್ನು ಕಣ್ಣಾರೆ ಕಂಡವರು ತಮ್ಮ ಊರಿನ ಸುದ್ದಿ ಹೇಳಿದರೆ ಅವರೂ ಆಸಕ್ತಿಯಿಂದ ಕೇಳುತ್ತಾರೆ.

ಒಂದೂವರೆಗೆ: ಮೊದಲು ದೂರದ ದಿಣ್ಣೆಗೆ

ಹೊರಬಂದ ಕೂಡಲೆ ಎಲ್ಲರೂ ಮೇಲಿನ ಹಂತದಲ್ಲಿಯೇ ನಿಂತು ಸಾವಕಾಶವಾಗಿ ಹೂಗಳನ್ನು ನೋಡತೊಡಗುತ್ತಾರೆ. ನೀವು ಹಾಗೆ ಮಾಡದೆ, ಹಂತಗಳನ್ನು ಬೇಗ ದಾಟಿ, ಎದುರಿಗೆ ಮರಗಳಿಂದ ತುಂಬಿ ಕಾಣುವ ದಿಣ್ಣೆಗೆ ಹೋಗಿ. ಕೋಟೆಯ ಈ ಮುಖ ಆಗ್ನೇಯಕ್ಕಿದೆ. ಮಧ್ಯಾಹ್ನ ಮೂರರ ನಂತರ ಸೂರ್ಯ ಕೋಟೆಯ ಪಕ್ಕಕ್ಕೆ ಸರಿದು ಗೋಡೆಗಳು ಮೆಲ್ಲಗೆ ನೆರಳಿಗೆ ಹೋಗುತ್ತವೆ. ಎರಡು ಗಂಟೆಯ ಒಳಗೆ ಎದುರಿನ ದಿಣ್ಣೆಯಲ್ಲಿದ್ದರೆ ಕೆಂಪು ಕಲ್ಲು, ಅದರ ಕೆಳಗೆ ಉಕ್ಕಿ ಬಂದಂತಿರುವ ಕಡುಹಸಿರು ಯೂ ಮರಗಳು, ಒಂದರ ಕೆಳಗೊಂದು ಹಂತಗಳು ಎಲ್ಲವೂ ಬಿಸಿಲಿನಲ್ಲಿ ಒಂದೇ ನೋಟಕ್ಕೆ ಸಿಗುತ್ತವೆ. ಮೋಡ ಕವಿದ ದಿನವಾದರೆ ಈ ಆತುರ ಬೇಕಿಲ್ಲ.

ಕಾಡಿನಂತೆ ಕಾಣುವ ಈ ದಿಣ್ಣೆ ತಾನಾಗಿ ಬೆಳೆದದ್ದಲ್ಲ. 1770ರ ದಶಕದಲ್ಲಿ ವಿಲಿಯಂ ಎಮ್ಸ್ ಎಂಬ ಉದ್ಯಾನತಜ್ಞ ಅದನ್ನು ರೂಪಿಸಿದ. ಕೈಯಿಂದ ಮಾಡಿದ್ದು ಕಾಣದಂತೆ ನಿಸರ್ಗವನ್ನು ತಿದ್ದುವ ರುಚಿ ಆಗ ಇಂಗ್ಲೆಂಡಿನಲ್ಲಿ ಹಬ್ಬಿತ್ತು. ಅದೇ ರುಚಿಯ ಭರದಲ್ಲಿ ಎಷ್ಟೋ ಕಡೆ ಹಳೆಯ ಹಂತತೋಟಗಳನ್ನು ಅಗೆದು ಸಮತಟ್ಟು ಮಾಡಿಬಿಟ್ಟರು. ಇಲ್ಲಿ ಮನೆತನಕ್ಕೆ ಹಣದ ಮುಗ್ಗಟ್ಟು ಇದ್ದುದರಿಂದ, ಹಂತಗಳು ಗಟ್ಟಿಬಂಡೆಯಲ್ಲಿದ್ದುದರಿಂದ ಅವು ಉಳಿದುಕೊಂಡವು. ದಿಣ್ಣೆಯ ಮಣ್ಣು ಹುಳಿಗುಣದ್ದು, ರೋಡೋಡೆಂಡ್ರಾನ್‌ಗೆ ಬೇಕಾದದ್ದೂ ಅದೇ. ಮೇ ತಿಂಗಳಲ್ಲಿ ಬಂದವರು ಇಲ್ಲಿ ಇನ್ನೊಂದು ಅರ್ಧ ಗಂಟೆ ಹೆಚ್ಚಾಗಿ ಕಳೆಯಬೇಕು.

ಎರಡೂವರೆಗೆ: ಹುಲ್ಲುಹಾಸು ಮತ್ತು ಕೆಳಗಿನ ತೋಟ

ದಿಣ್ಣೆಯಿಂದ ಇಳಿದಾಗ ಸಿಗುವ ವಿಶಾಲ ಹುಲ್ಲುಹಾಸಿನಲ್ಲಿ ಒಂದು ಕಾಲಕ್ಕೆ ಕೊಳ, ಕಾರಂಜಿ, ಪ್ರತಿಮೆಗಳ ಜಲೋದ್ಯಾನವಿತ್ತು. 19ನೇ ಶತಮಾನದ ಆರಂಭದಲ್ಲಿ ಅದನ್ನು ತೆಗೆದುಹಾಕಿದರು. ಅದರ ಆಚೆಗಿನ ತೋಟ ಮೊದಲು ತರಕಾರಿ ಬೆಳೆಯುವ ಜಾಗವಾಗಿತ್ತು. ನಾಲ್ಕನೆಯ ಅರ್ಲನ ಹೆಂಡತಿ ವಯಲೆಟ್ 1911ರಿಂದ ತೋಟದ ಹೊಣೆ ಹೊತ್ತು ಅದನ್ನು ಹೂದೋಟವಾಗಿ ಬದಲಿಸಿದಳು. ಗೋಪುರದಂತೆ ಕತ್ತರಿಸಿದ ಹಳೆಯ ಸೇಬಿನ ಮರಗಳು ಅವಳ ಕಾಲದವು. ಇಲ್ಲಿ ಕುಳಿತು ಸ್ವಲ್ಪ ನೀರು ಕುಡಿಯಿರಿ, ಮುಂದೆ ಹತ್ತುವುದಿದೆ.

ಮೂರರಿಂದ: ಹಂತಗಳನ್ನು ಕೆಳಗಿನಿಂದ ಮೇಲಕ್ಕೆ

ನಮ್ಮಲ್ಲಿ ಟೆರೇಸು ಎಂದರೆ ಮನೆಯ ಮೇಲಿನ ತಾರಸಿ. ಇಲ್ಲಿ ಆ ಪದದ ಅರ್ಥ ಗುಡ್ಡದ ಮೈಯಲ್ಲಿ ಕಡಿದ ಉದ್ದನೆಯ ಜಗಲಿ. ಮಲೆನಾಡಿನ ಮಕ್ಕಿಗದ್ದೆಗಳನ್ನು ನೆನಪಿಸಿಕೊಂಡರೆ ರೂಪ ಅರ್ಥವಾಗುತ್ತದೆ, ವ್ಯತ್ಯಾಸವೆಂದರೆ ಗದ್ದೆಯ ಬದುವಿನ ಜಾಗದಲ್ಲಿ ಇಲ್ಲಿ ಆಳೆತ್ತರವನ್ನು ಮೀರಿದ ಇಟ್ಟಿಗೆ ಗೋಡೆಗಳಿವೆ. ಈ ಗೋಡೆಗಳು ಹಗಲೆಲ್ಲ ಬಿಸಿಲನ್ನು ಹೀರಿಕೊಂಡು ರಾತ್ರಿ ನಿಧಾನವಾಗಿ ಬಿಡುತ್ತವೆ. ತಣ್ಣನೆಯ ಗಾಳಿ ಭಾರವಾದ್ದರಿಂದ ಇಳಿಜಾರಿನಲ್ಲಿ ಜಾರಿ ಕೆಳಗಿನ ಹುಲ್ಲುಹಾಸಿಗೆ ಹೋಗಿ ತಂಗುತ್ತದೆ. ಹೀಗಾಗಿ ವೇಲ್ಸಿನ ಚಳಿಯಲ್ಲಿ ಬದುಕಲಾರದ ಬೆಚ್ಚಗಿನ ನಾಡಿನ ಗಿಡಗಳು ಮೇಲಿನ ಜಗಲಿಗಳಲ್ಲಿ ಬದುಕುತ್ತವೆ. ಮೂರೂ ಜಗಲಿಗಳನ್ನು ಕೆಳಗಿನಿಂದ ಹತ್ತುತ್ತ ಹೋದರೆ, ಒಂದೊಂದರಲ್ಲಿಯೂ ಗಿಡಗಳು ಹೇಗೆ ಬದಲಾಗುತ್ತವೆ ಎಂಬುದನ್ನು ನೀವೇ ಕಂಡುಕೊಳ್ಳಬಹುದು. ನೋಟುಪುಸ್ತಕ ಬೇಕಾಗುವುದು ಇಲ್ಲಿಯೇ. ಪ್ರತಿ ಜಗಲಿಯಲ್ಲಿ ನಿಮಗೆ ಗುರುತು ಸಿಕ್ಕ ಐದು ಗಿಡಗಳ ಹೆಸರನ್ನು ಬರೆದುಕೊಳ್ಳಿ.

ಕೆಳಗಿನ ಜಗಲಿಯಲ್ಲಿ ಆರೆಂಜರಿ ಇದೆ. ಕುಂಡಗಳಲ್ಲಿ ಬೆಳೆಸಿದ ಕಿತ್ತಳೆ ಗಿಡಗಳನ್ನು ಚಳಿಗಾಲದಲ್ಲಿ ಒಳಗಿಟ್ಟು ಕಾಪಾಡುವ ಮನೆ ಇದು. ನಮ್ಮ ಕೊಡಗಿನಲ್ಲಿ ಕಾಫಿಯ ನಡುವೆ ತಾನೇ ಬೆಳೆಯುವ ಹಣ್ಣಿಗೆ ಇಲ್ಲಿ ಕಲ್ಲಿನ ಮನೆ ಕಟ್ಟಿಸಬೇಕಾಯಿತು. ಅದರ ಎರಡೂ ಕಡೆಯ ಹೂಪಾತಿಗಳಲ್ಲಿ ಎತ್ತರದ ಗಿಡ ಹಿಂದೆ, ಕುಳ್ಳಗಿನದು ಮುಂದೆ ಎಂಬ ಲೆಕ್ಕವಿದೆ. ಒಂದು ತುದಿಯಲ್ಲಿ ನಿಂತು ಉದ್ದಕ್ಕೆ ನೋಡಿದಾಗ ಬಣ್ಣಗಳ ಜೋಡಣೆ ಚೆನ್ನಾಗಿ ಕಾಣುತ್ತದೆ.

ಅದರ ಮೇಲಿನದು ಪಕ್ಷಿಗೃಹದ ಜಗಲಿ. ಕಟಾಂಜನದ ಮೇಲೆ ಕುಣಿಯುವ ಭಂಗಿಯಲ್ಲಿರುವ ಕುರುಬ ಕುರುಬಿತಿಯರ ಪ್ರತಿಮೆಗಳು ಸೀಸದಲ್ಲಿ ಎರಕ ಹೊಯ್ದವು, ಶಿಲ್ಪಿ ಜಾನ್ ವ್ಯಾನ್ ನೋಸ್ಟನ ಕಾರ್ಯಾಗಾರದ ಕೆಲಸ. ಸೀಸ ಮೃದುವಾದ ಲೋಹವಾದ್ದರಿಂದ ತನ್ನ ಭಾರಕ್ಕೆ ತಾನೇ ಬಗ್ಗುತ್ತದೆ, ದಯವಿಟ್ಟು ಅವುಗಳನ್ನು ಹಿಡಿದುಕೊಂಡು ಚಿತ್ರ ತೆಗೆಸಿಕೊಳ್ಳಬೇಡಿ. ಕಮಾನಿನ ಒಳಗೆ ಗೋಡೆಗೆ ಅಂಟಿಕೊಂಡು ಹಬ್ಬಿರುವ ಸಣ್ಣ ಎಲೆಯ ಬಳ್ಳಿಯನ್ನು ನೋಡಿದರೆ ಬೆಂಗಳೂರಿನವರು ನಿಂತುಬಿಡುತ್ತಾರೆ. ನಮ್ಮ ಹಳೆಯ ಬಡಾವಣೆಗಳ ಕಾಂಪೌಂಡ್ ಗೋಡೆಗಳನ್ನು ಮುಚ್ಚಿರುವ, ಅಂಜೂರದ ಕುಲಕ್ಕೆ ಸೇರಿದ ಅದೇ ಬಳ್ಳಿ ಅದು. ಅಲ್ಲಿ ಯಾರೂ ಗಮನಿಸದ ಗಿಡವನ್ನು ಇಲ್ಲಿ ಮಂಜಿನಿಂದ ಮರೆಮಾಡಿ ಸಾಕಿದ್ದಾರೆ.

ಮೇಲಿನ ಜಗಲಿಯಲ್ಲಿ ಯೂ ಮರಗಳ ಜೊತೆ ಕೊನೆಯ ಅರ್ಧ ಗಂಟೆ ಕಳೆಯಿರಿ. ಹೂಗಳಿಗಿಂತ ಇವೇ ಪೋವಿಸ್‌ನ ನಿಜವಾದ ಸಂಪತ್ತು ಎನ್ನುವುದು ನನ್ನ ಎಣಿಕೆ. ಸುಮಾರು ಮುನ್ನೂರು ವರ್ಷದ ಹಿಂದೆ ಇವನ್ನು ನೆಟ್ಟಾಗ, ಚಿಕ್ಕ ಶಂಕುವಿನ ಆಕಾರದಲ್ಲಿ ಕತ್ತರಿಸಿ ಸಾಲಾಗಿ ನಿಲ್ಲಿಸಿದ್ದರು. ಆಮೇಲೆ ರುಚಿ ಬದಲಾಗಿ ಕತ್ತರಿ ಆಡಿಸುವುದನ್ನು ಬಿಟ್ಟಾಗ ಅವು ಮನಬಂದಂತೆ ಬೆಳೆದವು. ಮತ್ತೆ ಕತ್ತರಿಸತೊಡಗಿದಾಗ ಹಳೆಯ ಆಕಾರಕ್ಕೆ ತರಲು ಸಾಧ್ಯವಿರಲಿಲ್ಲ. ಆದ್ದರಿಂದಲೇ ಇಂದು ಅವು ಗೋಡೆಯ ಮೇಲಿಂದ ಉಕ್ಕಿ ಹೆಪ್ಪುಗಟ್ಟಿದ ಮೋಡಗಳಂತೆ ಕಾಣುತ್ತವೆ. ಅವುಗಳನ್ನು ಸವರಲು ತೋಟಗಾರರು ಯಂತ್ರದ ತೊಟ್ಟಿಲಿನಲ್ಲಿ ನಿಂತು ಶರತ್ಕಾಲದಲ್ಲಿ ವಾರಗಟ್ಟಲೆ ದುಡಿಯುತ್ತಾರೆ. ಆ ಕೆಲಸ ನಡೆಯುವ ದಿನ ನೀವು ಹೋದರೆ ನಿಂತು ನೋಡಿ. ಮಕ್ಕಳಿದ್ದರೆ ಎಚ್ಚರವಿರಲಿ, ಯೂ ಮರದ ಎಲೆಯೂ ಬೀಜವೂ ವಿಷ, ಕೆಂಪು ಹಣ್ಣು ಎಷ್ಟೇ ಚೆನ್ನಾಗಿ ಕಂಡರೂ ಬಾಯಿಗೆ ಹಾಕಿಕೊಳ್ಳಬಾರದು. ಇಲ್ಲಿಂದ ಪೂರ್ವಕ್ಕೆ ಸೆವರ್ನ್ ನದಿಯ ಕಣಿವೆಯೂ ಅದರಾಚೆಗಿನ ಬ್ರೈಡನ್ ಗುಡ್ಡಗಳೂ ಕಾಣುತ್ತವೆ.

ನಾಲ್ಕೂವರೆಗೆ ಅಂಗಳದ ಉಪಾಹಾರಗೃಹದಲ್ಲಿ ಚಹಾ ಕುಡಿಯಬಹುದು. ಬಾರಾ ಬ್ರಿತ್ ಸಿಕ್ಕರೆ ತೆಗೆದುಕೊಳ್ಳಿ. ಒಣದ್ರಾಕ್ಷಿಯನ್ನು ಚಹಾದಲ್ಲಿ ನೆನೆಸಿ ಹಾಕಿ ಮಾಡುವ ವೇಲ್ಸಿನ ಈ ಬ್ರೆಡ್ಡನ್ನು ಬೆಣ್ಣೆ ಸವರಿ ತಿನ್ನುತ್ತಾರೆ. ಗಿಡ ಮಾರುವ ಅಂಗಡಿಯಲ್ಲಿ ಕ್ಲೈವಿಯಾ ಎಂಬ ಕಿತ್ತಳೆಬಣ್ಣದ ಹೂವಿನ ಗಿಡ ಕಂಡರೆ ಅದರ ಹೆಸರನ್ನು ಗಮನಿಸಿ. ದಕ್ಷಿಣ ಆಫ್ರಿಕದಿಂದ ಬಂದ ಆ ಗಿಡಕ್ಕೆ ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲಿ 1828ರಲ್ಲಿ ಈ ಹೆಸರಿಟ್ಟಿದ್ದು ಷಾರ್ಲೆಟ್ ಕ್ಲೈವಳ ಗೌರವಾರ್ಥವಾಗಿ. 1800ರಲ್ಲಿ ತಾಯಿಯ ಜೊತೆ ಬೆಂಗಳೂರು, ಶ್ರೀರಂಗಪಟ್ಟಣಗಳಲ್ಲಿ ತಿರುಗಾಡಿ ದಿನಚರಿ ಬರೆದ ಆ ಹುಡುಗಿಯೇ ಮುಂದೆ ನಾರ್ತಂಬರ್ಲೆಂಡಿನ ಡಚೆಸ್ ಆಗಿ, ರಾಣಿಯಾಗಲಿದ್ದ ವಿಕ್ಟೋರಿಯಾಳ ಶಿಕ್ಷಣದ ಮೇಲ್ವಿಚಾರಣೆ ವಹಿಸಿಕೊಂಡವಳು.

ಊರಿಗೆ ಹೋದಾಗ ಉಳಿದ ಒಂದು ಹಂತ

ಈ ಭೇಟಿ ಶ್ರೀರಂಗಪಟ್ಟಣದಲ್ಲಿ ಪೂರ್ಣಗೊಳ್ಳುತ್ತದೆ. ಮುಂದಿನ ಸಲ ಊರಿಗೆ ಹೋದಾಗ ದರಿಯಾ ದೌಲತ್‌ಗೆ ಒಂದು ಮಧ್ಯಾಹ್ನ ಮೀಸಲಿಡಿ. 1784ರಲ್ಲಿ ಕಾವೇರಿಯ ದಡದ ತೋಟದ ನಡುವೆ ಟಿಪ್ಪು ಕಟ್ಟಿಸಿದ ಈ ಬೇಸಿಗೆ ಅರಮನೆಯ ಹೊರಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಹೈದರನ ಸೈನ್ಯ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಬೇಯ್ಲಿಯನ್ನು ಸೋಲಿಸಿದ ಯುದ್ಧ ಅದು. ಕೋಟೆ ಬಿದ್ದ ಮೇಲೆ ಇದೇ ಮನೆಯಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ವಾಸವಾಗಿದ್ದ. ಬೆಳಿಗ್ಗೆ ಶಾಲಾ ಮಕ್ಕಳ ಬಸ್ಸುಗಳು ಬರುತ್ತವೆ, ಮೂರರ ನಂತರ ಸ್ವಲ್ಪ ನಿಶ್ಶಬ್ದವಾಗಿರುತ್ತದೆ. ಒಳಗೋಡೆಗಳ ತುಂಬ ಹೂಬಳ್ಳಿಯ ಚಿತ್ತಾರವಿದೆ. ಪೋವಿಸ್‌ನಲ್ಲಿ ಬರೆದುಕೊಂಡ ನೋಟುಪುಸ್ತಕವನ್ನು ತೆರೆದು, ಡೇರೆಯ ಹೂಜಿ ಮತ್ತು ಹೂಗಳ ಪಕ್ಕದಲ್ಲಿ ಈ ಗೋಡೆಯ ಹೂಗಳನ್ನೂ ಬರೆದುಕೊಳ್ಳಿ.